ಖಾತೆ, ಕರಾರು, ಕ್ರಯ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ನಿವೇಶನ, ಮನೆ ಮತ್ತು ಜಮೀನಿನ ವ್ಯವಹಾರದಲ್ಲಿ ಕಿವಿಗೆ ಬೀಳುವ ಪದಗಳನ್ನು ಕುರಿತವಾಗಿದ್ದುದರಿಂದ ಈ ಸಲದ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇನೆ. ಉತ್ತರಗಳು ಕರ್ನಾಟಕದ ಕಾನೂನು ಮತ್ತು ಇಲ್ಲಿನ ಕಚೇರಿಗಳ ಪದ್ಧತಿಗೆ ಅನ್ವಯಿಸುತ್ತವೆ.

ಪ್ರಶ್ನೆ: ಊರ ಹೊರವಲಯದಲ್ಲಿ 30×40 ಅಳತೆಯ ನಿವೇಶನವೊಂದನ್ನು ನೋಡಿದ್ದೇವೆ. ಮಾರುವವರು ಖಾತಾ ನಕಲು ಮತ್ತು ಈ ವರ್ಷದ ಕಂದಾಯದ ರಸೀದಿಯನ್ನು ತೋರಿಸಿ, ‘ಖಾತೆ ನನ್ನ ಹೆಸರಿನಲ್ಲೇ ಇದೆ, ಇನ್ನೇನು ನೋಡ್ತೀರಿ ಮೇಡಂ’ ಎನ್ನುತ್ತಾರೆ. ಖಾತೆ ಇದ್ದರೆ ಸಾಲದೇ?
– ನಿವೃತ್ತ ಶಿಕ್ಷಕಿ, ತುಮಕೂರು

ಉತ್ತರ: ಸಾಲದು. ಖಾತೆ ಎಂದರೆ ಲೆಕ್ಕ. ಕಿರಾಣಿ ಅಂಗಡಿಯವರು ನಿಮ್ಮ ಹೆಸರಿನಲ್ಲಿ ಲೆಕ್ಕ ಬರೆದಿಟ್ಟುಕೊಳ್ಳುವಂತೆಯೇ, ಈ ಸ್ವತ್ತಿನ ತೆರಿಗೆಯನ್ನು ಯಾರಿಂದ ವಸೂಲು ಮಾಡಬೇಕು ಎಂದು ನಗರಸಭೆಯೋ ಪಂಚಾಯಿತಿಯೋ ತನ್ನ ಅನುಕೂಲಕ್ಕೆ ಬರೆದಿಟ್ಟುಕೊಳ್ಳುವ ದಾಖಲೆ ಅದು. ಮಾಲೀಕತ್ವ ಹುಟ್ಟುವುದು ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಉಯಿಲು ಅಥವಾ ಸರ್ಕಾರದ ಮಂಜೂರಾತಿಯಿಂದ. ಖಾತೆ ಅದರ ಹಿಂದೆ ಬರುತ್ತದೆಯೇ ಹೊರತು ಅದನ್ನು ಹುಟ್ಟಿಸುವುದಿಲ್ಲ. ಖಾತೆ ಮಾತ್ರದಿಂದ ಮಾಲೀಕತ್ವ ಸಿದ್ಧಿಸದು ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ.

ಆದ್ದರಿಂದ ನೀವು ಮಾರುವವರನ್ನು ಕೇಳಬೇಕಾದದ್ದು, ‘ಇದು ನಿಮಗೆ ಹೇಗೆ ಬಂತು?’ ಎಂದು. ಅವರು ತಮ್ಮ ಕ್ರಯಪತ್ರವನ್ನು ತೋರಿಸಿದರೆ, ಅವರಿಗೆ ಮಾರಿದವರಿಗೆ ಹೇಗೆ ಬಂತು ಎಂದು ಕೇಳಿ. ಹೀಗೆ ಹಿಂದಕ್ಕೆ ಹೋಗುತ್ತಾ ಸಿಗುವ ಮೊದಲ ಪತ್ರವನ್ನೇ ಮೂಲಪತ್ರ ಅಥವಾ ಮದರ್ ಡೀಡ್ ಎನ್ನುವುದು. ಸರಪಳಿಯ ನಡುವೆ ಒಂದು ಕೊಂಡಿ ಕಳಚಿದ್ದರೂ, ಉದಾಹರಣೆಗೆ ತಂದೆಯಿಂದ ಮಗನಿಗೆ ಖಾತೆ ಬದಲಾಗಿದ್ದು ಉಳಿದ ಮಕ್ಕಳ ಪ್ರಸ್ತಾಪವೇ ಇಲ್ಲದಿದ್ದರೆ, ಇವತ್ತಿನ ಖಾತೆ ಎಷ್ಟು ಅಚ್ಚುಕಟ್ಟಾಗಿದ್ದರೂ ಅದು ನಿಮ್ಮನ್ನು ಕಾಯುವುದಿಲ್ಲ.

ಹಾಗೆಂದು ಖಾತೆ ಬೇಡವೆಂದು ತಿಳಿಯಬೇಡಿ. 2024ರ ಅಕ್ಟೋಬರ್‌ನಿಂದ ನಗರ ಪ್ರದೇಶದ ಸ್ವತ್ತುಗಳ ನೋಂದಣಿಗೆ ಇ-ಖಾತೆ, ಅಂದರೆ ಗಣಕೀಕೃತ ಖಾತೆ, ಕಡ್ಡಾಯವಾಗಿದೆ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11ನ್ನು ಕೇಳುತ್ತಾರೆ. ‘ಬಿ ಖಾತೆ’ ಎಂದರೆ ಎ ಖಾತೆಯ ತಮ್ಮನೆಂದು ಭಾವಿಸಿದವರು ಬಹಳ. ಬಡಾವಣೆಗೆ ಅನುಮೋದನೆ ಇಲ್ಲ ಎಂಬಂಥ ಕೊರತೆಯಿದ್ದರೂ ತೆರಿಗೆ ಬಿಡಬಾರದೆಂದು ಪ್ರತ್ಯೇಕ ವಹಿಯಲ್ಲಿ ಬರೆದುಕೊಂಡ ಸ್ವತ್ತು ಅದು. ಬೆಲೆ ಕಡಿಮೆಯಿರುವುದಕ್ಕೂ, ಬ್ಯಾಂಕುಗಳು ಸಾಲ ಕೊಡಲು ಹಿಂದೆಮುಂದೆ ನೋಡುವುದಕ್ಕೂ, ಕಟ್ಟಡದ ಪರವಾನಗಿಗೆ ತೊಡಕಾಗುವುದಕ್ಕೂ ಕಾರಣ ಆ ಕೊರತೆಯೇ.

ಪ್ರಶ್ನೆ: ಮನೆ ಕೊಳ್ಳುವ ಮುನ್ನ ಇಸಿ ತೆಗೆಸಿದೆವು. ‘ನಿಲ್’ ಬಂದಿದೆ. ಇನ್ನು ಯಾವ ಸಾಲವೂ, ತಕರಾರೂ ಇಲ್ಲವೆಂದು ನಂಬಬಹುದೇ?
– ಓದುಗ, ಹುಬ್ಬಳ್ಳಿ

ಉತ್ತರ: ಇಸಿ ಎಂದು ಬಾಯಿಮಾತಿನಲ್ಲಿ ಕರೆಯುವ ಋಣಭಾರ ಪ್ರಮಾಣಪತ್ರವು, ನೀವು ಕೊಟ್ಟ ವಿವರಕ್ಕೆ ಹೊಂದುವ ಸ್ವತ್ತಿನ ಮೇಲೆ ನೀವು ಕೇಳಿದ ಅವಧಿಯಲ್ಲಿ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಯಾವ ಪತ್ರಗಳು ನೋಂದಣಿಯಾಗಿವೆ ಎಂಬುದನ್ನಷ್ಟೇ ಹೇಳುತ್ತದೆ. ವ್ಯವಹಾರಗಳಿದ್ದರೆ ನಮೂನೆ 15ರಲ್ಲಿ, ಇಲ್ಲದಿದ್ದರೆ ನಮೂನೆ 16ರಲ್ಲಿ ಬರುತ್ತದೆ. ಮೇಲಿನ ವಾಕ್ಯದಲ್ಲಿ ಮೂರು ಮಿತಿಗಳಿರುವುದನ್ನು ಗಮನಿಸಿ.

ಮೊದಲನೆಯದು ವಿವರ. ವೃತ್ತಿಯ ಆರಂಭದ ವರ್ಷಗಳಲ್ಲಿ ನಾನೇ ಇಲ್ಲಿ ಎಡವಿದ್ದೇನೆ. ಕಕ್ಷಿದಾರರೊಬ್ಬರು ಕೊಳ್ಳಲಿದ್ದ ಮನೆಗೆ ಹೊಸ ಬಾಗಿಲು ಸಂಖ್ಯೆಯನ್ನು ಬರೆದು ಅರ್ಜಿ ಹಾಕಿಸಿದೆ, ನಿಲ್ ಬಂತು. ಪತ್ರಗಳನ್ನು ಮತ್ತೆ ಓದುವಾಗ ಹಳೆಯ ರಸೀದಿಯೊಂದರಲ್ಲಿ ಬೇರೆ ಸಂಖ್ಯೆ ಕಂಡಿತು. ಪುರಸಭೆಯವರು ನಡುವೆ ಮನೆಗಳಿಗೆ ಮರುಸಂಖ್ಯೆ ಕೊಟ್ಟಿದ್ದರು. ಹಳೆಯ ಸಂಖ್ಯೆಗೆ ಅರ್ಜಿ ಹಾಕಿದಾಗ ಸಹಕಾರ ಸಂಘವೊಂದಕ್ಕೆ ಬರೆದುಕೊಟ್ಟಿದ್ದ ಅಡಮಾನ ಪತ್ರ ಹೊರಬಿತ್ತು. ಕಚೇರಿಯವರದ್ದೇನೂ ತಪ್ಪಿರಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದರು. ಅಂದಿನಿಂದ ಹಳೆಯ ಸಂಖ್ಯೆ, ಹೊಸ ಸಂಖ್ಯೆ, ಸರ್ವೆ ನಂಬರು ಎಲ್ಲಕ್ಕೂ ಪ್ರತ್ಯೇಕವಾಗಿ ಹುಡುಕಿಸುತ್ತೇನೆ.

ಎರಡನೆಯದು ಅವಧಿ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಆನ್‌ಲೈನ್ ಮೂಲಕ ಸಿಗುವುದು ಸಾಮಾನ್ಯವಾಗಿ 2004ರ ಏಪ್ರಿಲ್ 1ರಿಂದ ಈಚಿನ ವ್ಯವಹಾರಗಳು. ಅದಕ್ಕೂ ಹಿಂದಿನದನ್ನು ಕಚೇರಿಯ ಹಳೆಯ ಸೂಚಿ ಪುಸ್ತಕಗಳಲ್ಲಿ ಹುಡುಕಿಸಬೇಕು. ವಕೀಲರು 30 ವರ್ಷಗಳ ಇಸಿ ಕೇಳುವುದಕ್ಕೆ ಒಂದು ಕಾರಣವಿದೆ: ಅಡಮಾನ ಬಿಡಿಸಿಕೊಳ್ಳುವ ದಾವೆಗೆ ಕಾಲಮಿತಿ ಕಾಯ್ದೆಯಲ್ಲಿ 30 ವರ್ಷಗಳ ಅವಕಾಶವಿದೆ.

ಮೂರನೆಯದೇ ಹೆಚ್ಚಿನ ಅಪಾಯದ್ದು, ಅಂದರೆ ನೋಂದಣಿಯಾಗದ ಸಂಗತಿಗಳು. ನೋಂದಣಿ ಮಾಡಿಸದ ಕರಾರು, ಬಾಯಿಮಾತಿನ ಪಾಲು, ಪೆಟ್ಟಿಗೆಯಲ್ಲಿರುವ ಉಯಿಲು, ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾವೆ, ಬಾಕಿ ಉಳಿದ ತೆರಿಗೆ ಇವು ಯಾವುವೂ ಇಸಿಯಲ್ಲಿ ಕಾಣಬೇಕೆಂದಿಲ್ಲ. ಮೂಲಪತ್ರಗಳನ್ನು ಬ್ಯಾಂಕಿನಲ್ಲಿ ಇರಿಸಿ ಪಡೆದ ಸಾಲವೂ ಕೆಲವೊಮ್ಮೆ ಅದರಲ್ಲಿ ಬಂದಿರುವುದಿಲ್ಲ. ಬ್ಯಾಂಕುಗಳ ಇಂಥ ಹಕ್ಕುಗಳನ್ನು ದಾಖಲಿಸಲು ಸೆರ್ಸಾಯ್ ಎಂಬ ಕೇಂದ್ರ ನೋಂದಣಿ ವ್ಯವಸ್ಥೆಯಿದ್ದು, ಅಲ್ಪ ಶುಲ್ಕ ಕಟ್ಟಿ ಅಲ್ಲಿಯೂ ಹುಡುಕಬಹುದು. ಅದಕ್ಕಿಂತ ಸರಳವಾದ ಪರೀಕ್ಷೆ, ಮಾರುವವರ ಬಳಿ ಕ್ರಯಪತ್ರದ ಅಸಲು ಪ್ರತಿ ಇದೆಯೇ ಎಂದು ಕಣ್ಣಾರೆ ನೋಡುವುದು. ‘ಅಸಲು ಮನೆಯಲ್ಲಿದೆ, ಜೆರಾಕ್ಸ್ ನೋಡಿ’ ಎಂಬ ಮಾತು ಬಂದರೆ ಅಲ್ಲೇ ನಿಲ್ಲಿ.

ಪ್ರಶ್ನೆ: ನಿವೇಶನಕ್ಕೆ ₹6 ಲಕ್ಷ ಮುಂಗಡ ಕೊಟ್ಟು ಛಾಪಾ ಕಾಗದದ ಮೇಲೆ ಕರಾರು ಬರೆಸಿ ನೋಟರಿ ಸಹಿ ಹಾಕಿಸಿದ್ದೇವೆ. ಮಧ್ಯವರ್ತಿಯು ‘ಜಿಪಿಎ ಕೂಡ ಬರೆಸಿಕೊಂಡರೆ ಸೈಟು ನಿಮ್ಮದೇ ಆದಂತೆ, ನೋಂದಣಿಯ ಖರ್ಚು ಉಳಿಯುತ್ತದೆ’ ಎನ್ನುತ್ತಾರೆ.
– ಓದುಗ, ಮೈಸೂರು

ಉತ್ತರ: ಉಳಿಯುವುದು ಖರ್ಚು ಮಾತ್ರ, ನಿವೇಶನ ಮಾರುವವರದ್ದಾಗಿಯೇ ಉಳಿಯುತ್ತದೆ. ಕ್ರಯದ ಕರಾರು ಎಂದರೆ ಮುಂದೆ ಮಾರುತ್ತೇನೆ ಎಂಬ ಮಾತು. ಕ್ರಯಪತ್ರ ಎಂದರೆ ಮಾರಿದೆ ಎಂಬ ಮಾತು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಂ ಪ್ರಕಾರ ಕರಾರಿನಿಂದಷ್ಟೇ ಸ್ವತ್ತಿನಲ್ಲಿ ಯಾವ ಹಕ್ಕೂ ಹುಟ್ಟುವುದಿಲ್ಲ. ಮಾರುವವರು ಮಾತು ತಪ್ಪಿದರೆ ಕ್ರಯಪತ್ರ ಬರೆದುಕೊಡುವಂತೆ ದಾವೆ ಹೂಡುವ ಅವಕಾಶವಿದೆ. ಆ ದಾವೆಗೆ, ಕರಾರಿನಲ್ಲಿ ಗೊತ್ತುಪಡಿಸಿದ ದಿನದಿಂದ, ದಿನ ಗೊತ್ತುಪಡಿಸದಿದ್ದರೆ ಮಾರುವವರು ನಿರಾಕರಿಸಿದ್ದು ನಿಮಗೆ ತಿಳಿದಂದಿನಿಂದ, 3 ವರ್ಷಗಳ ಮಿತಿಯಿದೆ.

ಜಿಪಿಎ ಎಂಬ ಸಾಮಾನ್ಯ ಅಧಿಕಾರ ಪತ್ರವು ನಿಮ್ಮನ್ನು ಮಾಲೀಕರ ಪ್ರತಿನಿಧಿಯನ್ನಾಗಿ ಮಾಡುತ್ತದೆ, ಮಾಲೀಕರನ್ನಾಗಿ ಅಲ್ಲ. ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಅಧಿಕಾರವೂ ಅಲ್ಲಿಗೆ ಮುಗಿಯುತ್ತದೆ. ಕರಾರು, ಜಿಪಿಎ, ಉಯಿಲು ಈ ಮೂರನ್ನೂ ಕಟ್ಟಾಗಿ ಬರೆಸಿಕೊಂಡು ‘ಮಾರಾಟ’ ಎನ್ನುವ ಪದ್ಧತಿಯಿಂದ ಮಾಲೀಕತ್ವ ವರ್ಗಾವಣೆಯಾಗದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟಪಡಿಸಿದೆ. ಇನ್ನು ನೋಟರಿಯ ಮುದ್ರೆ ಸಹಿಯನ್ನು ದೃಢೀಕರಿಸುತ್ತದೆ, ಅದು ನೋಂದಣಿಯಲ್ಲ.

ಕರಾರನ್ನು ನೋಂದಣಿ ಮಾಡಿಸಿದರೆ ಅದು ಇಸಿಯಲ್ಲಿ ಕಾಣುವುದರಿಂದ ಮಾರುವವರು ಅದೇ ನಿವೇಶನವನ್ನು ಇನ್ನೊಬ್ಬರಿಗೆ ತೋರಿಸುವುದು ಕಷ್ಟವಾಗುತ್ತದೆ. ಕರಾರಿನಲ್ಲಿ ‘ಸ್ವಾಧೀನ ಕೊಡಲಾಗಿದೆ’ ಎಂಬ ಒಂದು ಸಾಲು ಇದ್ದರೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆಂಬುದನ್ನು ಮರೆಯದೆ ಪತ್ರ ಬರಹಗಾರರೊಂದಿಗೆ ಮಾತಾಡಿ.

ಪ್ರಶ್ನೆ: ಮಾರ್ಗಸೂಚಿ ದರ ಮತ್ತು ನಾವು ಕೊಡುವ ದರ ಬೇರೆಬೇರೆ ಇದ್ದರೆ ಶುಲ್ಕ ಯಾವುದರ ಮೇಲೆ? ಒಟ್ಟು ಎಷ್ಟಾಗುತ್ತದೆ?
– ಓದುಗ, ಶಿವಮೊಗ್ಗ

ಉತ್ತರ: ಎರಡರಲ್ಲಿ ಹೆಚ್ಚಿನದರ ಮೇಲೆ. ಮಾರ್ಗಸೂಚಿ ದರವೆಂದರೆ ಬಡಾವಣೆ, ರಸ್ತೆ, ಊರುಗಳ ಲೆಕ್ಕದಲ್ಲಿ ಸರ್ಕಾರ ಪ್ರಕಟಿಸುವ ಕನಿಷ್ಠ ಮೌಲ್ಯ. ₹40 ಲಕ್ಷಕ್ಕೆ ನಗರದಲ್ಲಿ ನಿವೇಶನ ಕೊಂಡರೆ ಶೇ 5ರ ಮುದ್ರಾಂಕ ಶುಲ್ಕ ₹2,00,000. ಆ ಶುಲ್ಕದ ಮೇಲೆ ಶೇ 10ರ ಸೆಸ್ ₹20,000 ಮತ್ತು ಶೇ 2ರ ಸರ್ಚಾರ್ಜ್ ₹4,000. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿರುವುದರಿಂದ ಅದು ₹80,000. ಒಟ್ಟು ₹3,04,000. ಹಳ್ಳಿಯಾದರೆ ಸರ್ಚಾರ್ಜ್ ಶೇ 3.

ಪತ್ರದಲ್ಲಿ ಕಡಿಮೆ ಬರೆಸಿ ಉಳಿದದ್ದನ್ನು ‘ಕ್ಯಾಶ್’ ಕೊಡಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಸ್ಥಿರಾಸ್ತಿ ಮಾರಾಟದಲ್ಲಿ ₹20,000 ಅಥವಾ ಅದಕ್ಕೂ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಅಲ್ಲದೆ ಮುಂದೆ ವ್ಯಾಜ್ಯ ಬಂದು ಹಣ ವಾಪಸು ಕೇಳುವ ಸ್ಥಿತಿ ಬಂದರೆ ಪತ್ರದಲ್ಲಿ ಬರೆದಷ್ಟನ್ನು ಮಾತ್ರ ನೀವು ಕೊಟ್ಟಿದ್ದೀರಿ. ಬೆಲೆ ₹50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಾದರೆ, ಕೃಷಿ ಭೂಮಿಯನ್ನು ಬಿಟ್ಟು, ಕೊಳ್ಳುವವರೇ ಶೇ 1ರಷ್ಟನ್ನು ಟಿಡಿಎಸ್ ಎಂದು ಹಿಡಿದು ತೆರಿಗೆ ಇಲಾಖೆಗೆ ಕಟ್ಟಬೇಕು.

ಪ್ರಶ್ನೆ: 1,200 ಚದರಡಿಯ ಫ್ಲ್ಯಾಟ್ ಎಂದು ಹಣ ಕಟ್ಟಿದೆವು. ಅಳೆದು ನೋಡಿದರೆ 850 ಕೂಡ ಇಲ್ಲ. ಇದು ಮೋಸವಲ್ಲವೇ?
– ದಂಪತಿ, ಬೆಂಗಳೂರು

ಉತ್ತರ: ಯಾವ ಅಳತೆಯನ್ನು ಹೇಳಿ ಮಾರಿದರು ಎಂಬುದರ ಮೇಲೆ ಅದು ನಿಂತಿದೆ. 1,200 ಎಂಬುದು ಬಹುಶಃ ಸೂಪರ್ ಬಿಲ್ಟ್ ಅಪ್ ವಿಸ್ತೀರ್ಣ. ಅದರಲ್ಲಿ ಮೆಟ್ಟಿಲು, ಲಿಫ್ಟು, ಮೊಗಸಾಲೆಗಳ ಪಾಲನ್ನೂ ನಿಮ್ಮ ಲೆಕ್ಕಕ್ಕೆ ಸೇರಿಸಿರುತ್ತಾರೆ. ಬಿಲ್ಟ್ ಅಪ್ ಎಂದರೆ ಹೊರಗೋಡೆ, ಬಾಲ್ಕನಿ ಸಹಿತ ನಿಮ್ಮ ಮನೆ. 2016ರ ರೇರಾ ಕಾಯ್ದೆಯು, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯು, ವ್ಯಾಖ್ಯಾನಿಸಿರುವುದು ಕಾರ್ಪೆಟ್ ವಿಸ್ತೀರ್ಣವನ್ನು: ಒಳಗಿನ ಅಡ್ಡಗೋಡೆಗಳು ಸೇರಿ ಬಳಸಬಹುದಾದ ನೆಲ. ಹೊರಗೋಡೆ, ಪೈಪುಗಳು ಹಾದುಹೋಗುವ ಕಿಂಡಿ, ನಿಮಗೇ ಮೀಸಲಾದ ಬಾಲ್ಕನಿ ಮತ್ತು ತೆರೆದ ತಾರಸಿ ಅದರಲ್ಲಿ ಸೇರುವುದಿಲ್ಲ. ನಿಮ್ಮ ಕರಾರಿನಲ್ಲಿ ಬರೆದ ಕಾರ್ಪೆಟ್ ವಿಸ್ತೀರ್ಣಕ್ಕಿಂತ ಕಡಿಮೆ ಸಿಕ್ಕಿದ್ದರೆ ರೇರಾ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಜಾಹೀರಾತಿನ 1,200ಕ್ಕೂ ಟೇಪು ಹಿಡಿದ 850ಕ್ಕೂ ಇರುವ ಅಂತರ ಮಾತ್ರವಾದರೆ ವಾದ ಕಷ್ಟ. ಕರಾರನ್ನು ನೋಂದಾಯಿಸದೆ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ ಎಂಬುದೂ ಅದೇ ಕಾಯ್ದೆಯ ನಿಯಮ.

ಬೆಂಗಳೂರಿನ ಫ್ಲ್ಯಾಟ್ ಕ್ರಯಪತ್ರಗಳಲ್ಲಿ ಸಾಮಾನ್ಯವಾಗಿ ಮೂರು ಷೆಡ್ಯೂಲುಗಳಿರುತ್ತವೆ. ಎ ಎಂಬುದು ಇಡೀ ನೆಲ, ಬಿ ಎಂಬುದು ಆ ನೆಲದಲ್ಲಿ ನಿಮ್ಮ ಅವಿಭಾಜ್ಯ ಪಾಲು, ಸಿ ಎಂಬುದು ನಿಮ್ಮ ಫ್ಲ್ಯಾಟ್. ಎಲ್ಲರೂ ಸಿ ಓದುತ್ತಾರೆ, ಬಿ ಓದುವವರು ಕಡಿಮೆ. ಕಟ್ಟಡ ಹಳೆಯದಾಗಿ ಕೆಡವಿ ಕಟ್ಟುವ ಕಾಲ ಬಂದಾಗ ಎಣಿಕೆಗೆ ಬರುವುದು ಬಿ ಷೆಡ್ಯೂಲಿನ ಆ ಚದರಡಿಗಳೇ. ಒಸಿ ಎಂಬ ವಾಸಯೋಗ್ಯ ಪ್ರಮಾಣಪತ್ರವನ್ನು ಕೇಳದೆ ಬೀಗದ ಕೈ ಪಡೆಯಬೇಡಿ. ಮಂಜೂರಾದ ನಕ್ಷೆಯಂತೆ ಕಟ್ಟಲಾಗಿದೆ ಎಂದು ಸ್ಥಳೀಯ ಸಂಸ್ಥೆ ಕೊಡುವ ಒಪ್ಪಿಗೆ ಅದು.

ಪ್ರಶ್ನೆ: ನಾವು ಕೃಷಿಕರಲ್ಲ. ಊರ ಕಡೆ ಸ್ವಲ್ಪ ಜಮೀನು ಕೊಳ್ಳುವ ಆಸೆ. ಪಹಣಿಯಲ್ಲಿ ವಿಸ್ತೀರ್ಣ 2.10 ಎಂದಿದೆ. ಪೋಡಿ ಆಗಿಲ್ಲ ಎನ್ನುತ್ತಾರೆ. ಹಾಗೆಂದರೇನು?
– ಬ್ಯಾಂಕ್ ಉದ್ಯೋಗಿ, ಹಾಸನ

ಉತ್ತರ: 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ ಕರ್ನಾಟಕದಲ್ಲಿ ಕೃಷಿ ಜಮೀನು ಕೊಳ್ಳಬಹುದು. ಬ್ಯಾಂಕಿನಲ್ಲಿ ಕೆಲಸ ಮಾಡುವವರಾದ್ದರಿಂದ ಮೊದಲೇ ಎಚ್ಚರಿಸುತ್ತೇನೆ: 2.10 ಎಂಬುದು ದಶಮಾಂಶವಲ್ಲ. ಅದು 2 ಎಕರೆ 10 ಗುಂಟೆ, ಅಂದರೆ ಎರಡೂಕಾಲು ಎಕರೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಒಂದು ಗುಂಟೆ 33 ಅಡಿ ಉದ್ದ, 33 ಅಡಿ ಅಗಲ, 1,089 ಚದರಡಿ. ಕರಾವಳಿಯಲ್ಲಿ ಎಕರೆಯನ್ನು 100 ಸೆಂಟ್ಸ್ ಮಾಡಿ ಎಣಿಸುವುದರಿಂದ ಅಲ್ಲಿಂದ ಬಂದವರು 2.10ನ್ನು ಬೇರೆಯಾಗಿ ಓದುವುದುಂಟು. ವಿಸ್ತೀರ್ಣದ ಜೊತೆ ಖರಾಬು, ಅಂದರೆ ಸಾಗುವಳಿಗೆ ಒದಗದ ನೆಲ, ಎಷ್ಟೆಂದು ನೋಡಿ. ‘ಬ’ ಖರಾಬು ಎಂದರೆ ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಜಾಗ. ಅದಕ್ಕೆ ಹಣ ಕೊಟ್ಟರೂ ಅದು ನಿಮ್ಮದಾಗದು.

ಪಹಣಿಯ 9ನೇ ಕಾಲಂನಲ್ಲಿ ಹಿಡುವಳಿದಾರರ ಹೆಸರು, 10ರಲ್ಲಿ ಅದು ಹೇಗೆ ಬಂತೆಂಬ ಉಲ್ಲೇಖ, 11ರಲ್ಲಿ ಇತರ ಹಕ್ಕು ಮತ್ತು ಋಣಗಳು ಇರುತ್ತವೆ. ನಿಮ್ಮ ಪಹಣಿಯ 9ನೇ ಕಾಲಂನಲ್ಲಿ ನಾಲ್ಕೈದು ಹೆಸರುಗಳಿದ್ದು, ಒಬ್ಬೊಬ್ಬರ ಎದುರು ಒಂದೊಂದು ವಿಸ್ತೀರ್ಣ ಬರೆದಿದ್ದರೆ ಅದೇ ಪೋಡಿಯಾಗದ ಜಮೀನು. ಕಾಗದದಲ್ಲಿ ಪಾಲಾಗಿದೆ, ನೆಲದ ಮೇಲೆ ಯಾರದು ಯಾವ ಮೂಲೆ ಎಂದು ಸರ್ವೆಯವರು ಅಳೆದು ಹಿಸ್ಸಾ ಸಂಖ್ಯೆ ಕೊಟ್ಟಿಲ್ಲ. ಮಾರುವವರು ನಿಮಗೆ ಬಾವಿಯ ಪಕ್ಕದ ಎರಡು ಎಕರೆ ತೋರಿಸಬಹುದು, ನಾಳೆ ಅವರ ಚಿಕ್ಕಪ್ಪನ ಮಗ ಬಂದು ಬಾವಿಯ ಪಾಲು ತನ್ನದೆನ್ನಬಹುದು, ಇಬ್ಬರ ಕೈಯಲ್ಲೂ ಅದೇ ಪಹಣಿ ಇರುತ್ತದೆ. ಸರ್ವೆ ನಂಬರಿನ ಒಂದು ಭಾಗವನ್ನು ಮಾರಲು, ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಮಾಡಿಸಬೇಕೆಂಬ ನಿಯಮ ಇರುವುದೇ ಈ ಗೊಂದಲ ತಪ್ಪಿಸಲು. ನಕ್ಷೆ ಕೈಗೆ ಬರುವವರೆಗೆ ಕಾಯಿರಿ.

ಇನ್ನೊಂದು ಪದ ಪಿಟಿಸಿಎಲ್. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಮಾರುವಂತಿಲ್ಲ ಎಂದು 1978ರ ಕಾಯ್ದೆ ಹೇಳುತ್ತದೆ; ಅಂಥ ಕ್ರಯ ರದ್ದಾಗಿ ಜಮೀನು ಮಂಜೂರುದಾರರ ಕುಟುಂಬಕ್ಕೆ ಮರಳುತ್ತದೆ, ನಡುವೆ ಎಷ್ಟು ಕೈ ಬದಲಾಗಿದ್ದರೂ ಸರಿ. ಪಹಣಿಯನ್ನು ಇವತ್ತಿನದಷ್ಟೇ ಅಲ್ಲದೆ ಹಳೆಯ ಕೈಬರಹದ ಪಹಣಿಗಳವರೆಗೂ ತೆಗೆಸಿ ‘ಮಂಜೂರು’ ಎಂಬ ಮಾತು ಎಲ್ಲಾದರೂ ಇದೆಯೇ ಎಂದು ಹುಡುಕುವುದು ಇದಕ್ಕಾಗಿ. ಭೂಪರಿವರ್ತನೆಯನ್ನು, ಅಂದರೆ ಡಿಸಿ ಕನ್ವರ್ಷನ್ ಅನ್ನು, ಬಡಾವಣೆಯ ಅನುಮೋದನೆಯೊಂದಿಗೆ ಬೆರೆಸಬೇಡಿ. ಕೃಷಿಯೇತರ ಬಳಕೆಗೆ ಒಪ್ಪಿಗೆ ಸಿಕ್ಕ ಮಾತ್ರಕ್ಕೆ ನೆಲವನ್ನು ನಿವೇಶನಗಳಾಗಿ ಕತ್ತರಿಸಿ ಮಾರುವ ಒಪ್ಪಿಗೆ ಸಿಕ್ಕಂತಲ್ಲ. ಇವೆರಡೂ ಇಲ್ಲದೆ ಮಾರುವುದನ್ನೇ ಜನ ರೆವಿನ್ಯೂ ಸೈಟು ಎನ್ನುವುದು.

ಪ್ರಶ್ನೆ: ತಂದೆ ಉಯಿಲು ಬರೆಯದೆ ತೀರಿಕೊಂಡರು. ಅಣ್ಣ ‘ಹಕ್ಕು ಬಿಡುಗಡೆ ಪತ್ರಕ್ಕೆ ಒಂದು ಸಹಿ ಹಾಕಿ ಕಳಿಸು, ಖಾತೆ ಬದಲಾವಣೆಗೆ ಬೇಕಂತೆ’ ಎನ್ನುತ್ತಾನೆ. ಊರಿಗೆ ಬರಲು ರಜೆ ಇಲ್ಲ.
– ಓದುಗರೊಬ್ಬರು, ಮಸ್ಕತ್

ಉತ್ತರ: ಬರಿಯ ಖಾತೆ ಬದಲಾವಣೆಗೆ ಅದು ಬೇಡ, ತಾಯಿ ಮತ್ತು ಮಕ್ಕಳೆಲ್ಲರ ಹೆಸರಿಗೂ ಒಟ್ಟಾಗಿ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಆಗುವ ಖಾತೆ, ಮಾಡಿಸಬಹುದು. ಹಕ್ಕು ಬಿಡುಗಡೆ ಪತ್ರವೆಂದರೆ ನಿಮ್ಮ ಪಾಲನ್ನು ಉಳಿದ ಪಾಲುದಾರರಿಗೆ ಬಿಟ್ಟುಕೊಡುವುದು, ಮತ್ತು ಅದು ನೋಂದಣಿಯಾದ ಮೇಲೆ ಮರಳಿ ಕೇಳುವುದು ಬಹಳ ಕಷ್ಟ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಹಕ್ಕು ಕೊಟ್ಟಿತ್ತು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯು ಮಗಳನ್ನು ಹುಟ್ಟಿನಿಂದಲೇ ಮಗನಿಗೆ ಸಮಾನಳೆಂದಿತು, ತಿದ್ದುಪಡಿಯ ದಿನ ತಂದೆ ಬದುಕಿರಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬಿಟ್ಟುಕೊಡುವುದು ನಿಮ್ಮ ಇಚ್ಛೆ; ಏನನ್ನು ಬಿಡುತ್ತಿದ್ದೀರೆಂದು ತಿಳಿದು ಬಿಡಿ.

ಪಾಲು ಮಾಡಿಕೊಳ್ಳುವುದಾದರೆ ವಿಭಾಗಪತ್ರ ಸಾಕು. ನೀವು ಬರಲಾಗದಿದ್ದರೆ ನಂಬಿಕಸ್ಥರಿಗೆ ಅದೊಂದೇ ಕೆಲಸಕ್ಕೆ ಸೀಮಿತವಾದ ವಿಶೇಷ ಅಧಿಕಾರ ಪತ್ರವನ್ನು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಕಳಿಸಿ. ಅದು ಭಾರತಕ್ಕೆ ಬಂದ 3 ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು.

ಪ್ರಶ್ನೆ: ಕ್ರಯಪತ್ರದ ಕೊನೆಯ ಪುಟದ ಚೆಕ್ಕುಬಂದಿಯಲ್ಲಿ ಪೂರ್ವ ಮತ್ತು ಪಶ್ಚಿಮ ಅದಲುಬದಲಾಗಿದೆ. ಅಳತೆ ಸರಿಯಿದೆ. ಮಾರಿದವರು ಇನ್ನೂ ಅದೇ ಬೀದಿಯಲ್ಲಿದ್ದಾರೆ. ಚಿಂತೆ ಮಾಡಬೇಕೇ?
– ಓದುಗ, ದಾವಣಗೆರೆ

ಉತ್ತರ: ಮಾಡಬೇಕು. ಚೆಕ್ಕುಬಂದಿ ಎಂದರೆ ಸ್ವತ್ತಿನ ನಾಲ್ಕು ದಿಕ್ಕಿನ ಗಡಿ. ಪತ್ರದಲ್ಲಿನ ಅಳತೆಗೂ ಚೆಕ್ಕುಬಂದಿಗೂ ತಾಳೆಯಾಗದಿದ್ದಾಗ ನ್ಯಾಯಾಲಯಗಳು ಸಾಮಾನ್ಯವಾಗಿ ಚೆಕ್ಕುಬಂದಿಗೇ ಹೆಚ್ಚಿನ ಬೆಲೆ ಕೊಡುತ್ತವೆ. ಪೂರ್ವಕ್ಕೆ ರಸ್ತೆ ಎಂದಿರಬೇಕಾದಲ್ಲಿ ಪಶ್ಚಿಮಕ್ಕೆ ರಸ್ತೆ ಎಂದಿದ್ದರೆ, ರಸ್ತೆಯ ಆಚೆ ಬದಿಯ ನಿವೇಶನಕ್ಕೂ ಆ ವಿವರ ಹೊಂದಿಬಿಡಬಹುದು. ಇದಕ್ಕೆ ತಿದ್ದುಪಡಿ ಪತ್ರ ಬರೆಸಿ ನೋಂದಾಯಿಸಬೇಕು. ಅದಕ್ಕೆ ಮಾರಿದವರು ಬಂದು ಸಹಿ ಹಾಕಬೇಕು; ಅವರು ತೀರಿಕೊಂಡಿದ್ದರೆ ವಾರಸುದಾರರೆಲ್ಲರೂ ಬರಬೇಕು. ನಿಮಗೆ ಮಾರಿದವರು ಇನ್ನೂ ಅದೇ ಬೀದಿಯಲ್ಲಿದ್ದಾರೆಂದು ಬರೆದಿದ್ದೀರಿ. ಈ ವಾರವೇ ಹೋಗಿ ಕೇಳಿ.